ಪೌಡರ್ ನದಿ ಸೀಮೆಯಲ್ಲಿ ಮ್ಯೂಲ್ ಜಿಂಕೆಯ ಬೇಟೆ

ಗುರುವಾರ

ಬೆಳಗಿನ ಜಾವ ನಾಲ್ಕಕ್ಕೆ ಮಿನಿಯಾಪೊಲಿಸ್ ಬಿಟ್ಟೆವು. ಗಾಡಿ ಭಾವನದ್ದು, ಮೊದಲ ಸರದಿಯ ಡ್ರೈವಿಂಗೂ ಅವರದ್ದೇ. ಹಿಂದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಎರಡು ರೈಫಲ್, ಮಾಂಸಕ್ಕೆಂದು ದೊಡ್ಡ ಐಸ್ ಪೆಟ್ಟಿಗೆಗಳು, ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ, ಕೋಡುಬಳೆ. ಪೂರ್ವ ಮೊಂಟಾನಾದ ಮೈಲ್ಸ್ ಸಿಟಿಗೆ ಐ-94 ಹೆದ್ದಾರಿಯಲ್ಲಿ ಸುಮಾರು 1100 ಕಿ.ಮೀ. ಫಾರ್ಗೋವರೆಗೂ ಕಟಾವು ಮುಗಿದ ಮೆಕ್ಕೆಜೋಳ, ಸೋಯಾ ಹೊಲಗಳೇ. ಬಿಸ್ಮಾರ್ಕ್ ಊರಿಗೆ ಸ್ವಲ್ಪ ಮೊದಲು 100ನೇ ರೇಖಾಂಶ ಹಿಂದಾಗುತ್ತದೆ. ಅಲ್ಲಿಂದಾಚೆ ಮಳೆ ಕಡಿಮೆ. ಉತ್ತ ಹೊಲಗಳು ಅಪರೂಪವಾಗುತ್ತ ಹೋಗಿ ಹುಲ್ಲುಗಾವಲು ಶುರುವಾಗುತ್ತದೆ. ಮಿಸೌರಿ ನದಿ ದಾಟಿ ಇನ್ನಷ್ಟು ಪಶ್ಚಿಮಕ್ಕೆ ಹೋದ ಮೇಲೆ ಗಡಿಯಾರವೂ ಒಂದು ಗಂಟೆ ಹಿಂದಕ್ಕೆ ಹೋಯಿತು.

ಮ್ಯೂಲ್ ಜಿಂಕೆ ಈ ಒಣ ಪಶ್ಚಿಮದ ಪ್ರಾಣಿ. 1804ರಲ್ಲಿ ಪಶ್ಚಿಮದ ನೆಲ ಶೋಧಿಸಲು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡ ಮಿಸೌರಿ ನದಿಯ ಜಾಡು ಹಿಡಿದು ಮೇಲಕ್ಕೆ ಬರುತ್ತಿದ್ದಾಗ ಈಗಿನ ದಕ್ಷಿಣ ಡಕೋಟಾದಲ್ಲಿ ಅವರಿಗೆ ಮೊದಲು ಸಿಕ್ಕಿತು. ಹೇಸರಗತ್ತೆಯ (ಇಂಗ್ಲಿಷಿನಲ್ಲಿ ಮ್ಯೂಲ್) ಕಿವಿಯಷ್ಟು ದೊಡ್ಡ ಕಿವಿ ನೋಡಿ ಲೂಯಿಸ್ ಇಟ್ಟ ಹೆಸರೇ ಉಳಿದುಕೊಂಡಿದೆ. ಮಿನ್ನೆಸೋಟಾದಲ್ಲಿ ಭಾವ ಪ್ರತಿ ವರ್ಷ ಅಟ್ಟಣೆ ಮೇಲೆ ಕೂತು ಹೊಡೆಯುವುದು ಬಿಳಿಬಾಲದ ಜಿಂಕೆಯನ್ನು. ಅದರ ಕೊಂಬಿನಲ್ಲಿ ಒಂದೇ ಮುಖ್ಯ ಕಾಂಡದಿಂದ ಕವಲುಗಳು ಮೇಲೇಳುತ್ತವೆ. ಮ್ಯೂಲ್ ಜಿಂಕೆಯ ಕೊಂಬು ಎರಡಾಗಿ ಒಡೆದು, ಆ ಎರಡೂ ಮತ್ತೆ ಎರಡಾಗುತ್ತವೆ. ಬಾಲ ಸಣ್ಣದು, ತುದಿ ಮಾತ್ರ ಕಪ್ಪು. ಇಷ್ಟು ಗೊತ್ತಿದ್ದರೆ ದೂರದಿಂದಲೂ ತಪ್ಪುವುದಿಲ್ಲ.

ಮಲೆನಾಡಿನಲ್ಲಿ ಅಜ್ಜನ ಬೇಟೆ ಕಥೆ ಕೇಳಿಕೊಂಡು ಬೆಳೆದವನು ನಾನು. ಪೊದೆ ಬಡಿದು ಪ್ರಾಣಿ ಎಬ್ಬಿಸುತ್ತ ಹಳು ಸೋಯುವವರು, ಕೋವಿ ಹಿಡಿದು ಕಾಯುತ್ತ ಬಿಲ್ಲಿಗೆ ನಿಂತವರು, ನಾಯಿಗಳ ಗದ್ದಲ, ಕೊನೆಗೆ ಪಾಲು ಹಂಚುವ ಗಲಾಟೆ. 1972ರ ವನ್ಯಜೀವಿ ಕಾಯ್ದೆ ಅದನ್ನೆಲ್ಲ ನಿಲ್ಲಿಸಿತು. ನಿಲ್ಲಿಸಿದ್ದೇ ಸರಿ, ನಮ್ಮ ಕಾಡಿನಲ್ಲಿ ಕಡವೆ ಇವತ್ತು ಉಳಿದಿದ್ದರೆ ಆ ಕಾಯ್ದೆಯ ಪಾತ್ರ ದೊಡ್ಡದು. ಇಲ್ಲಿಯ ಲೆಕ್ಕ ಬೇರೆ. ಎಷ್ಟು ಜಿಂಕೆ, ಯಾವ ಜಿಂಕೆ, ಯಾವ ವಾರದಲ್ಲಿ ಎಂದು ಸರ್ಕಾರವೇ ಗೊತ್ತುಮಾಡಿ ಬೇಟೆಗಾರನ ಕೈಗೆ ಚೀಟಿ ಕೊಡುತ್ತದೆ. ಹೊರರಾಜ್ಯದವರು ಏಪ್ರಿಲ್ 1ರೊಳಗೆ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು. 1985ರ ಜನವರಿ 1ರ ನಂತರ ಹುಟ್ಟಿದವರು ಬೇಟೆಗಾರರ ತರಬೇತಿ ಪಾಸಾಗಿರಲೇಬೇಕು. ಈ ವ್ಯವಸ್ಥೆ ನೆಲದ ಮೇಲೆ ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡುವುದು ನನ್ನ ಆಸೆಯಾಗಿತ್ತು.

ಮಧ್ಯಾಹ್ನ ಉತ್ತರ ಡಕೋಟಾದ ಪೇಂಟೆಡ್ ಕ್ಯಾನ್ಯನ್ ಬಳಿ ಚಿತ್ರಾನ್ನ ಬಿಚ್ಚಿದೆವು. ಹೆದ್ದಾರಿ ಪಕ್ಕದಲ್ಲೇ ನೆಲ ಕುಸಿದುಹೋಗಿ ಪದರ ಪದರವಾಗಿ ಕೆಂಪು, ಬೂದಿ, ಕಂದು ಬಣ್ಣದ ಗುಡ್ಡಗಳು. 1883ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಕಾಡೆಮ್ಮೆ (ಅಮೆರಿಕದ ಬೈಸನ್) ಹೊಡೆಯಲೆಂದು ಬಂದದ್ದು ಇದೇ ಲಿಟ್ಲ್ ಮಿಸೌರಿ ಸೀಮೆಗೆ. ಕಾಡೆಮ್ಮೆ ಆಗಲೇ ಹುಡುಕಿದರೂ ಸಿಗದ ಸ್ಥಿತಿ. ನಾಲ್ಕು ವರ್ಷ ಕಳೆದು 1887ರಲ್ಲಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದವರಲ್ಲಿ ಅವರೂ ಒಬ್ಬರು; ಬೇಟೆಗೆ ಮಿತಿ ಬೇಕು ಎಂದು ಬೇಟೆಗಾರರೇ ಎದ್ದು ನಿಂತ ಕಾಲ ಅದು.

ಕತ್ತಲಾದ ಮೇಲೆ ಮೈಲ್ಸ್ ಸಿಟಿ. ಊಟ, ನಿದ್ದೆ.

ಶುಕ್ರವಾರ

ಊರಿನಿಂದ ದಕ್ಷಿಣಕ್ಕೆ ಬ್ರಾಡಸ್ ಕಡೆಯ 59ನೇ ಹೆದ್ದಾರಿ. ಅರ್ಧ ದಾರಿಗೆ ಬಿಟ್ಟು ಕೆಂಪು ರಸ್ತೆಗೆ ಇಳಿದೆವು. ಈ ಕೆಂಪು ನಮ್ಮ ಮುರ ಮಣ್ಣಿನದಲ್ಲ. ಇಲ್ಲಿ ನೆಲದಡಿ ಕಲ್ಲಿದ್ದಲಿನ ಪದರಗಳಿವೆ. ಹಿಂದೆ ಯಾವುದೋ ಕಾಲದಲ್ಲಿ ಅವು ಹೊತ್ತಿ ಉರಿದಾಗ ಮೇಲಿನ ಜೇಡಿ ಸುಟ್ಟು ಇಟ್ಟಿಗೆಯಾಗಿದೆ. ಅದನ್ನೇ ಒಡೆದು ರಸ್ತೆಗೆ ಹಾಸುತ್ತಾರೆ.

ನಮ್ಮ ಗೈಡ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ದನದ ರ‍್ಯಾಂಚಿನ ಯಜಮಾನರ ಮಗಳು. ಗೈಡ್ ಕೆಲಸಕ್ಕೆ ಈ ರಾಜ್ಯದಲ್ಲಿ ಲೈಸೆನ್ಸ್ ಬೇಕು, ಆಕೆಯ ಬಳಿ ಇದೆ. ಕಾಫಿ ಕೊಟ್ಟವರೇ, "ಮೊದಲು ರೈಫಲ್ ತೆಗೆಯಿರಿ, ಮಾತು ಆಮೇಲೆ" ಅಂದರು.

ಮನೆ ಹಿಂದಿನ ಗುಡ್ಡಕ್ಕೆ ಗುರಿ ಹಲಗೆ ನಿಲ್ಲಿಸಿ ನೂರು ಗಜಕ್ಕೆ, ಆಮೇಲೆ ಇನ್ನೂರಕ್ಕೆ ಹೊಡೆಸಿದರು. ಬೆಂಚಿನ ಮೇಲೆ ಕೂತು ಹೊಡೆದದ್ದು ಅವರ ಲೆಕ್ಕಕ್ಕೇ ಇಲ್ಲ. ಮಲಗಿ ಹೊಡೆಯಬೇಕು, ಬೆನ್ನಿನ ಚೀಲದ ಮೇಲೆ ನಳಿಗೆ ಇಟ್ಟು ಹೊಡೆಯಬೇಕು, ಮುನ್ನೂರು ಹೆಜ್ಜೆ ಗುಡ್ಡ ಹತ್ತಿಸಿ ಏದುಸಿರಿನಲ್ಲಿ ಹೊಡೆಸಿ ನೋಡಬೇಕು. ನನ್ನದು .270 ವಿಂಚೆಸ್ಟರ್. ತೋಟಾ ಕೈಯಲ್ಲಿ ಹಿಡಿದು ತಾಮ್ರದ ಗುಂಡೇ ಹೌದೋ ಎಂದು ನೋಡಿದರು. ಸೀಸದ ಗುಂಡು ಮೈಯೊಳಗೆ ಚೂರಾಗುತ್ತದೆ. ಬಿಟ್ಟುಹೋದ ಕರುಳಿಗೆ ಹೊನ್ನಿನ ಬಣ್ಣದ ಹದ್ದುಗಳು ಬರುತ್ತವೆ, ಸೀಸ ತಿಂದು ಸಾಯುತ್ತವೆ. ಈ ರ‍್ಯಾಂಚಿನಲ್ಲಿ ತಾಮ್ರವೇ ಆಗಬೇಕೆಂದು ಬುಕಿಂಗ್ ಮಾಡುವಾಗಲೇ ಹೇಳಿದ್ದರು.

"ಮುನ್ನೂರು ಗಜ ದಾಟಿದರೆ ಹೊಡೆಯುವುದಿಲ್ಲ. ಹತ್ತಿರ ಹೋಗುವ ದಾರಿ ಹುಡುಕುವುದು ನನ್ನ ಕೆಲಸ."

ಸಂಜೆ ಒಂದು ದಿಬ್ಬದ ಮೇಲೆ ಕೂತು ಬೈನಾಕ್ಯುಲರಿನಲ್ಲಿ ನೋಡುವುದಷ್ಟೇ. ಬಯಲು ಎಂದು ಕೇಳಿ ಬಂದಿದ್ದೆ, ಚಪ್ಪಟೆ ನೆಲ ಇಲ್ಲಿ ಕಮ್ಮಿಯೇ. ಮೇಲೆ ಹುಲ್ಲಿನ ಹಾಸು, ಅದನ್ನು ಸೀಳಿಕೊಂಡು ನೂರಾರು ಕೊರಕಲುಗಳು, ಕೊರಕಲಿನ ನೆರಳು ಬದಿಗೆ ಜೂನಿಪರ್ ಪೊದೆ, ತಲೆಯಲ್ಲಿ ಪೊಂಡರೋಸಾ ಪೈನ್, ಬಾಕಿ ಎಲ್ಲ ಕಡೆ ಮೊಣಕಾಲೆತ್ತರದ ಬೂದು ಸೇಜ್‌ಬ್ರಷ್. ದೂರದಲ್ಲಿ ಪೌಡರ್ ನದಿಯ ಪಾತ್ರ. ಒಂದು ಮೈಲಿ ಅಗಲ, ಒಂದು ಅಂಗುಲ ಆಳ ಎಂದು ಇಲ್ಲಿಯವರು ಅದರ ಬಗ್ಗೆ ಹೇಳುವ ಮಾತು. ಮೊದಲ ಅರ್ಧ ಗಂಟೆ ನನಗೆ ಒಂದು ಜಿಂಕೆಯೂ ಕಾಣಲಿಲ್ಲ. ಗೈಡ್ ಅಷ್ಟರಲ್ಲಿ ಹದಿನಾಲ್ಕು ಎಣಿಸಿದ್ದರು. "ಇಡೀ ಜಿಂಕೆ ಹುಡುಕಬೇಡಿ. ಅಡ್ಡಗೆರೆ ಹುಡುಕಿ. ಇಲ್ಲಿ ಬೆಳೆದದ್ದೆಲ್ಲ ನೆಟ್ಟಗಿರುತ್ತದೆ. ಬೆನ್ನು ಒಂದೇ ಅಡ್ಡ ಇರುವುದು." ಆಮೇಲೆ ಕಾಣತೊಡಗಿದವು.

ಶನಿವಾರ

ಕತ್ತಲಿರುವಾಗಲೇ ಹೊರಟೆವು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿ ಅರ್ಧ ಗಂಟೆವರೆಗೆ ಮಾತ್ರ ಬೇಟೆಗೆ ಅವಕಾಶ. ಸೊಂಟದ ಮೇಲೆ ಕನಿಷ್ಠ 400 ಚದರ ಅಂಗುಲ ಕಿತ್ತಳೆ ಬಣ್ಣದ ಬಟ್ಟೆ ಕಾಣುವಂತಿರಬೇಕು. ಜಿಂಕೆಯ ಕಣ್ಣಿಗೆ ಆ ಕಿತ್ತಳೆ ನಮಗೆ ಕಂಡಂತೆ ಹೊಳೆಯುವುದಿಲ್ಲ, ಇನ್ನೊಬ್ಬ ಬೇಟೆಗಾರನ ಕಣ್ಣಿಗೆ ಹೊಳೆಯುತ್ತದೆ, ಬೇಕಾದದ್ದೂ ಅದೇ.

ಅಲ್ಫಾಲ್ಫಾ ಎಂಬ ಮೇವಿನ ಬೆಳೆಯ ಹೊಲದಿಂದ ಜಿಂಕೆಗಳು ಮೇಯ್ದು ಕೊರಕಲುಗಳ ಕಡೆ ಹಿಂದಿರುಗುತ್ತಿದ್ದವು. ನವೆಂಬರ್ ಮಧ್ಯ ಎಂದರೆ ಬೆದೆಯ ಕಾಲ. ಬೇರೆ ತಿಂಗಳಲ್ಲಿ ಪೊದೆ ಬಿಟ್ಟು ಹೊರಬರದ ದೊಡ್ಡ ಗಂಡುಗಳು ಈಗ ಹೆಣ್ಣುಗಳ ಹಿಂದೆ ಹಗಲಲ್ಲೇ ತಿರುಗುತ್ತವೆ. ಎಂಟು ಹೆಣ್ಣುಗಳ ಗುಂಪಿನ ಹಿಂದೆ ಒಂದು ಗಂಡು ತಲೆ ತಗ್ಗಿಸಿ, ಕತ್ತು ಮುಂದಕ್ಕೆ ಚಾಚಿ ನಡೆದುಬರುತ್ತಿತ್ತು. ಒಂದು ಹೆಣ್ಣು ಮೂತ್ರ ಮಾಡಿದ ಜಾಗ ಮೂಸಿ, ಮೇಲ್ದುಟಿ ಸುರುಳಿ ಮಾಡಿ ಗಾಳಿಗೆ ಮುಖವೆತ್ತಿತು. ಎರಡೂ ಬದಿಗೆ ನಾಲ್ಕು ನಾಲ್ಕು ಕವಲು, ಕಿವಿಯ ತುದಿ ದಾಟಿ ಹರಡಿದ ಕೊಂಬು. 180 ಗಜ. ನನ್ನ ಹೆಬ್ಬೆರಳು ರೈಫಲ್ಲಿನ ಸೇಫ್ಟಿ ಗುಂಡಿಯ ಮೇಲಿತ್ತು.

"ಬೇಡ," ಅಂದರು ಗೈಡ್. "ಮೂರು ವರ್ಷದ್ದು. ಹೊಟ್ಟೆ ನೋಡಿ."

ಸ್ಪಾಟಿಂಗ್ ಸ್ಕೋಪ್ ಎಂಬ ದುರ್ಬೀನಿಗೆ ನನ್ನ ಕಣ್ಣು ಹಚ್ಚಿಸಿ ತೋರಿಸಿದರು. ಹೊಟ್ಟೆಯ ಗೆರೆ ಎದೆಯಿಂದ ಹಿಂಗಾಲಿನ ಕಡೆಗೆ ಮೇಲೇರುತ್ತದೆ. ಕಾಲು ಉದ್ದ ಕಾಣುತ್ತವೆ. ಮುಖ ತೆಳ್ಳಗೆ, ಕಪ್ಪು ಹಣೆ ಅಚ್ಚುಕಟ್ಟು. ಮುದಿ ಗಂಡಿನ ಬೆನ್ನು ನಡುವೆ ತಗ್ಗಿರುತ್ತದೆ, ಹೊಟ್ಟೆ ಜೋತು ಕಾಲು ಗಿಡ್ಡವೆನಿಸುತ್ತದೆ, ಮೂಗಿನ ಗೆರೆ ಉಬ್ಬಿರುತ್ತದೆ, ಮುಖಕ್ಕೆ ಬಿಳಿ ಬಂದಿರುತ್ತದೆ. "ಕೊಂಬು ಆಮೇಲೆ ನೋಡಿ. ಕೊಂಬು ಮೊದಲು ನೋಡಿದವರ ಕಣ್ಣಿಗೆ ಮತ್ತೇನೂ ಬೀಳುವುದಿಲ್ಲ. ಇದು ಇನ್ನೂ ಮೂರು ಚಳಿಗಾಲ ಮರಿ ಹುಟ್ಟಿಸಲಿ."

ದುಡ್ಡು ಕೊಟ್ಟು ಬಂದ ಗಿರಾಕಿಗೆ ಹೊಡೆಯಬೇಡಿ ಎನ್ನುವುದಕ್ಕೆ ಗಟ್ಟಿ ಮನಸ್ಸು ಬೇಕು. ನನಗಂತೂ ಆ ಬೆಳಿಗ್ಗೆಯೇ ಈ ಹೆಣ್ಣುಮಗಳ ಮೇಲೆ ಪೂರ್ತಿ ನಂಬಿಕೆ ಬಂದುಬಿಟ್ಟಿತು. ಸೇಫ್ಟಿಯಿಂದ ಬೆರಳು ತೆಗೆದು ಬೈನಾಕ್ಯುಲರ್ ಎತ್ತಿಕೊಂಡೆ. ಗಾಳಿ ತಿರುಗಿ ನಮ್ಮ ವಾಸನೆ ಹೋದ ಕ್ಷಣ ಇಡೀ ಗುಂಪು ಹೊರಟಿತು. ಓಟವಲ್ಲ, ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆ, ನಾಲ್ಕೂ ಒಟ್ಟಿಗೆ ಇಳಿಯುತ್ತವೆ, ಮತ್ತೆ ಪುಟಿಯುತ್ತವೆ. ಕಡಿದಾದ ಗುಡ್ಡಕ್ಕೆ ಆ ನೆಗೆತ ಹೇಳಿಮಾಡಿಸಿದ್ದು. ನಾಲ್ಕೈದು ನೆಗೆತದಲ್ಲಿ ಕೊರಕಲಿನ ಆ ಬದಿಯ ನೆತ್ತಿಯಲ್ಲಿದ್ದವು. ಅಲ್ಲಿ ನಿಂತು ತಿರುಗಿ ನೋಡಿದವು. ಹೀಗೆ ನಿಂತು ನೋಡುವ ಗುಣವೇ ಎಷ್ಟೋ ಸಲ ಇವುಗಳ ಜೀವಕ್ಕೆ ಎರವಾಗುವುದು.

ಭಾನುವಾರ

ರಾತ್ರಿ ಮಳೆ, ಬೆಳಗ್ಗೆ ಹಸಿಹಿಮ. ರಸ್ತೆ ಬಂದ್. ಇಲ್ಲಿಯ ಜೇಡಿಗೆ ಗಂಬೋ ಅನ್ನುತ್ತಾರೆ. ಬೆಂಟೊನೈಟ್ ತುಂಬಿದ ಮಣ್ಣು, ನೀರು ಕುಡಿದರೆ ಊದಿಕೊಳ್ಳುತ್ತದೆ. ಅಂಗಳಕ್ಕೆ ಹೋಗಿ ಬರುವಷ್ಟರಲ್ಲಿ ಒಂದೊಂದು ಬೂಟಿಗೂ ಎರಡು ಮೂರು ಕಿಲೋ ಹತ್ತಿಕೊಂಡಿತ್ತು. ಇದರಲ್ಲಿ ಗಾಡಿ ಹೊರಡಿಸಿದರೆ ಚಕ್ರ ತಿರುಗುವುದಷ್ಟೇ, ಜೊತೆಗೆ ಹುಲ್ಲುಗಾವಲು ಹಾಳು.

ಹಾಗಾಗಿ ದಿನವಿಡೀ ಅಡುಗೆಮನೆಯ ಮೇಜಿನ ಸುತ್ತ ಮಾತು. ಯಜಮಾನರಿಗೆ ಎಪ್ಪತ್ತು ದಾಟಿದೆ. 1886-87ರ ಚಳಿಗಾಲದಲ್ಲಿ ಈ ಸೀಮೆಯ ದನಗಳು ಲಕ್ಷಗಟ್ಟಲೆ ಸತ್ತ ಕಥೆಯನ್ನು ತಾವೇ ಕಂಡವರ ಹಾಗೆ ಹೇಳಿದರು. ಅದೇ 1886ರಲ್ಲಿ ವಿಲಿಯಂ ಹಾರ್ನಡೆ ಎಂಬ ಮ್ಯೂಸಿಯಮ್ಮಿನ ಮನುಷ್ಯ ಸ್ಮಿತ್‌ಸೋನಿಯನ್‌ಗೆ ಕಾಡೆಮ್ಮೆ ಚರ್ಮ ಬೇಕೆಂದು ಮೈಲ್ಸ್ ಸಿಟಿಗೆ ಬಂದು, ಉಳಿದಿದ್ದ ಕೆಲವನ್ನು ಹುಡುಕಲು ವಾರಗಟ್ಟಲೆ ಅಲೆದರು. ಕೆಲವೇ ವರ್ಷ ಮೊದಲು ಲೆಕ್ಕವಿಲ್ಲದಷ್ಟು ಕಾಡೆಮ್ಮೆ ಇದ್ದ ನೆಲ ಇದು. ಚರ್ಮಕ್ಕೂ ಮಾಂಸದ ಮಾರುಕಟ್ಟೆಗೂ ಹೊಡೆದು ಮುಗಿಸಿದರು. ಜಿಂಕೆಯೂ ಅದೇ ಹಾದಿ ಹಿಡಿದಿತ್ತು.

ತಡೆದದ್ದು ಏನು ಎಂದು ಕೇಳಿದೆ. ಯಜಮಾನರು ಬೆರಳು ಮಡಚಿ ಹೇಳಿದರು. ಕಾಡುಪ್ರಾಣಿಯ ಮಾಂಸ ಮಾರುವುದು ನಿಂತಿತು. ಕದ್ದು ಹೊಡೆದದ್ದನ್ನು ರಾಜ್ಯದ ಗಡಿ ದಾಟಿಸಿ ಮಾರುವುದನ್ನು 1900ರ ಲೇಸಿ ಕಾಯ್ದೆ ಅಪರಾಧ ಮಾಡಿತು. 1937ರಲ್ಲಿ ಬಂದ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯಿಂದ ಬಂದೂಕು, ತೋಟಾಗಳ ಮೇಲಿನ ತೆರಿಗೆ ನೇರವಾಗಿ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ; ರೈಫಲ್ಲಿಗೂ ತೋಟಾಕ್ಕೂ ನೂರಕ್ಕೆ 11. ನನ್ನ ಚೀಲದಲ್ಲಿದ್ದ ತೋಟಾ ಡಬ್ಬಿಯೂ ಆ ತೆರಿಗೆ ಕಟ್ಟಿಯೇ ಬಂದದ್ದು. ನಮ್ಮಲ್ಲಿ ಕಾಡುಪ್ರಾಣಿಗಳ ಖರ್ಚನ್ನು ಸರ್ಕಾರದ ಬೊಕ್ಕಸ ಹೊರುತ್ತದೆ, ಇಲ್ಲಿ ಅದರ ದೊಡ್ಡ ಪಾಲು ಬೇಟೆಗಾರನ ಜೇಬು.

ಹಾಗಂತ ಜಿಂಕೆಗೆ ಒಳ್ಳೆಯ ಕಾಲವೇನೂ ಅಲ್ಲ. ಬರ ಬಿದ್ದ ವರ್ಷ ಮೇವಿಲ್ಲ, ಜೂನ್‌ನಲ್ಲಿ ಹುಟ್ಟಿದ ಅವಳಿ ಮರಿಗಳಿಗೆ ಹಾಲಿಲ್ಲ. ಹಿಮ ಹೆಪ್ಪುಗಟ್ಟಿದ ವರ್ಷ ಬಡಕಲು ಮರಿಗಳು ವಸಂತ ಕಾಣುವುದಿಲ್ಲ. ಅದರ ಮೇಲೆ ಮೈ ಸೊರಗಿಸಿ ಕೊಲ್ಲುವ ರೋಗ. ಹೆಸರು ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಸಿಡಬ್ಲ್ಯುಡಿ ಎಂದು ಎಲ್ಲರ ಬಾಯಲ್ಲಿ. 1967ರಲ್ಲಿ ಕೊಲರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ ಕೂಡಿಹಾಕಿದ್ದ ಮ್ಯೂಲ್ ಜಿಂಕೆಗಳಲ್ಲೇ ಇದು ಮೊದಲು ಕಂಡದ್ದು. ಮೊಂಟಾನಾದ ಕಾಡು ಜಿಂಕೆಗಳಲ್ಲಿ 2017ರಲ್ಲಿ ಪತ್ತೆಯಾಯಿತು. ಕಾರಣ ವೈರಸ್ಸಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಮಡಿಕೆ ತಪ್ಪಿದ ಒಂದು ಪ್ರೋಟೀನು, ಪ್ರಯಾನ್. ಮಿದುಳನ್ನು ತಿನ್ನುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮದ್ದಿಲ್ಲ. ಮನುಷ್ಯರಿಗೆ ತಗುಲಿದ್ದು ಸಾಬೀತಾಗಿಲ್ಲ, ಆದರೂ ರೋಗ ಪತ್ತೆಯಾದ ಜಿಂಕೆಯ ಮಾಂಸ ತಿನ್ನಬೇಡಿ ಎಂದು ಇಲ್ಲಿಯ ಆರೋಗ್ಯ ಇಲಾಖೆಯ ಸಲಹೆ. ಈ ಮಾತು ಬಂದಾಗ ಮಾತ್ರ ಯಜಮಾನರ ದನಿ ತಗ್ಗಿತು.

ಸೋಮವಾರ

ಮೋಡ ಹರಿದು ಚಳಿ ಬಿಗಿಯಿತು. ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಗಂಬೋ ಕಲ್ಲಾಗಿತ್ತು, ಗಾಡಿ ಹೋಯಿತು.

ಒಂಬತ್ತರ ಸುಮಾರಿಗೆ ಗೈಡ್ ಸ್ಕೋಪಿನಿಂದ ಕಣ್ಣು ತೆಗೆಯದೆ ನನ್ನ ತೋಳು ಹಿಡಿದರು. ಒಂದೂವರೆ ಕಿ.ಮೀ. ಆಚೆ, ಕೊರಕಲಿನ ತಲೆಯಲ್ಲಿ ಒಂಟಿ ಜೂನಿಪರ್ ಬುಡದಲ್ಲಿ ಒಂದು ಗಂಡು ಮಲಗಲು ಜಾಗ ಕೆರೆಯುತ್ತಿತ್ತು. ಹೊಟ್ಟೆ ಜೋತಿದೆ, ಬೆನ್ನು ತಗ್ಗಿದೆ, ಮುಖ ಬೂದಿ. ಕೊಂಬು ಒಂದು ಬದಿ ನಾಲ್ಕು, ಇನ್ನೊಂದು ಬದಿ ಮೂರು. ಕಾದಾಟದಲ್ಲಿ ಒಂದು ಕವಲು ಮುರಿದಿತ್ತು. "ಆರು ವರ್ಷ ದಾಟಿದೆ. ಏಳೂ ಇರಬಹುದು. ಇದೇ ನಿಮ್ಮದು."

ಮಲಗಿದ ಜಿಂಕೆ ಎದುರಿನ ಕಣಿವೆಯನ್ನು ಕಣ್ಣಿನಿಂದ ಕಾಯುತ್ತದೆ, ಬೆನ್ನ ಹಿಂದಿನದನ್ನು ಮೂಗಿನಿಂದ. ಬೆಳಗಿನ ತಣ್ಣನೆ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ. ಬಿಸಿಲು ಕಾದ ಮೇಲೆ ಅದೇ ಗಾಳಿ ಮೇಲಕ್ಕೇಳುತ್ತದೆ. ಈಗಲೇ ಮೇಲಿಂದ ಹೋದರೆ ನಮ್ಮ ವಾಸನೆ ನೇರ ಅದರ ಮೂಗಿಗೆ. ಹತ್ತೂವರೆವರೆಗೆ ಕಾದು, ಗಾಳಿ ತಿರುಗಿದ್ದನ್ನು ಪುಡಿ ಊದಿ ಖಚಿತ ಮಾಡಿಕೊಂಡು, ದೊಡ್ಡ ಸುತ್ತು ಹಾಕಿ ಹಿಂದಿನ ದಿಣ್ಣೆಗೆ ಹೋದೆವು. ಭಾವ ಸ್ಕೋಪ್ ಬಳಿಯೇ ಉಳಿದರು. ಜಿಂಕೆ ಏನು ಮಾಡುತ್ತಿದೆ ಎಂದು ಅಲ್ಲಿಂದ ಕೈಸನ್ನೆ ಕೊಡುವುದು ಬೇಡವೆಂದು ಭಾವನೇ ಅಂದಿದ್ದರು, ಕೊಡಲೂ ಇಲ್ಲ.

ಕೊನೆಯ ನೂರು ಗಜ ಹೊಟ್ಟೆ ಮೇಲೆ. ಹಿಮದಡಿ ಪಾಪಾಸುಕಳ್ಳಿ. ಈ ಶೀತ ಬಯಲಿನಲ್ಲೂ ಕಳ್ಳಿ ಬೆಳೆಯುತ್ತದೆ, ನೆಲಕ್ಕಂಟಿಕೊಂಡು ಅಂಗೈ ಅಗಲದ್ದು. ಮೊಣಕೈಗೂ ಮಂಡಿಗೂ ಮುಳ್ಳು ಹೊಕ್ಕವು. ದಿಣ್ಣೆ ಅಂಚಿಗೆ ಬಂದಾಗ ಕೆಳಗೆ ಕಂಡದ್ದು ಎರಡು ಕೊಂಬಿನ ತುದಿ ಮಾತ್ರ. ದೂರ 210 ಗಜ.

ಇನ್ನು ಕಾಯುವುದು. ಮಲಗಿದ್ದಕ್ಕೆ ಗುಂಡಿಲ್ಲ, ಅದಾಗಿ ಏಳಬೇಕು. ಕೂಗಿ ಎಬ್ಬಿಸಿದರೆ ನೆಗೆದು ಓಡುತ್ತದೆ. ಒಂದು ಗಂಟೆಯ ಮೇಲಾಯಿತು. ಕೊಂಬಿನ ತುದಿ ಆಗಾಗ ಆಚೀಚೆ ಹೊರಳುತ್ತಿತ್ತು, ಒಮ್ಮೆ ಪೂರ್ತಿ ಕೆಳಗಿಳಿಯಿತು, ನಿದ್ದೆ ಇರಬೇಕು. ನನ್ನ ಬೆರಳು ಮರಗಟ್ಟದಂತೆ ಗೈಡ್ ತಮ್ಮ ಕೈಗವಸನ್ನು ನನ್ನ ಕೈಗವಸಿನ ಮೇಲೆ ಹಾಕಿಸಿದರು.

ಅದು ಎದ್ದದ್ದು ಅವಸರವಿಲ್ಲದೆ. ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಮೈ ಮುರಿದು, ಅಡ್ಡ ನಿಂತಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ರೈಫಲ್ ಸ್ಕೋಪಿನ ಗೆರೆ ನಿಲ್ಲಿಸಿ, ಉಸಿರು ಅರ್ಧ ಬಿಟ್ಟು ಒತ್ತಿದೆ. ಈಡು ಕೇಳಿದ ನೆನಪಿಲ್ಲ. ಅದು ಮುಂದಕ್ಕೆ ಒಂದೇ ಸಮ ಓಡಿ ಮೂವತ್ತು ಹೆಜ್ಜೆಯಲ್ಲಿ ಮುಗ್ಗರಿಸಿ ಬಿತ್ತು. "ಇನ್ನೊಂದು ತೋಟಾ ಹಾಕಿಕೊಂಡು ಹಾಗೇ ಇರಿ," ಅಂದರು ಗೈಡ್. ಬೇಕಾಗಲಿಲ್ಲ.

ಹತ್ತಿರ ಹೋದಾಗ ಕಣ್ಣು ತೆರೆದೇ ಇತ್ತು. ಹುಲ್ಲುಕಡ್ಡಿಯಿಂದ ಕಣ್ಣು ಮುಟ್ಟಿ ಗೈಡ್ ಖಚಿತ ಮಾಡಿದರು. ಬೆದೆಯ ಕಾಲದ ಗಂಡಿನ ಕಟು ವಾಸನೆ, ಹಿಂಗಾಲಿನ ಕೀಲಿನ ರೋಮ ಕಪ್ಪಾಗಿ ಒದ್ದೆ. ಒಂದು ಕಿವಿಯ ಅಂಚು ಹರಿದು ಎಂದೋ ಮಾಗಿತ್ತು. ನಾನು ಅದರ ಕೊರಳ ಮೇಲೆ ಕೈಯಿಟ್ಟು ಸುಮ್ಮನೆ ಕೂತೆ. ಯಾರೂ ಅವಸರ ಮಾಡಲಿಲ್ಲ. ಸಂತೋಷವಿತ್ತು, ಸಂಕಟವೂ ಇತ್ತು. ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಆಗುವುದಿಲ್ಲ.

ಮೊದಲು ಕಾನೂನು. ಚೀಟಿಯಲ್ಲಿ ತಿಂಗಳು, ತಾರೀಕು ಇರುವ ಜಾಗ ಚಾಕುವಿನಿಂದ ಕತ್ತರಿಸಿ ಕೊಂಬಿಗೆ ಕಟ್ಟಿದೆ. ಆಮೇಲೆ ಚಾಕುವಿನ ಕೆಲಸ. ಹೊಟ್ಟೆ ಸೀಳದೆಯೇ ಮಾಂಸ ಬಿಡಿಸುವ ಪದ್ಧತಿ ಇವರದ್ದು. ಬೆನ್ನಿನ ಗೆರೆಯಲ್ಲಿ ಚರ್ಮ ಸೀಳಿ ಒಂದು ಮಗ್ಗುಲು ಸುಲಿದು, ಮೈಗೆ ಮೂಳೆಯ ಕೀಲೇ ಇಲ್ಲದ ಮುಂಗಾಲನ್ನು ಸಲೀಸಾಗಿ ಬಿಡಿಸಿ, ಹಿಂದೊಡೆಯನ್ನು ಕೀಲಿನ ಗುಳಿಯಿಂದ ತಪ್ಪಿಸಿ, ಬೆನ್ನುಮೂಳೆಯ ಪಕ್ಕದ ಉದ್ದನೆ ಮಾಂಸವನ್ನು ಒಂದೇ ತುಂಡಾಗಿ ತೆಗೆದರು. ಒಳಗಿನ ಎಳೆಯ ಮಾಂಸ ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿ. ನಂತರ ಮಗ್ಗುಲು ಮಗುಚಿ ಮತ್ತೆ ಅದೇ. ತಿನ್ನಲು ಬರುವ ಮಾಂಸ ಬಿಟ್ಟು ಬರುವುದು ಇಲ್ಲಿ ಅಪರಾಧ. ಬಟ್ಟೆ ಚೀಲಗಳಲ್ಲಿ ತುಂಬಿ ಮೂವರ ಬೆನ್ನಿಗೂ ಹಂಚಿಕೊಂಡೆವು. ನಾವು ಹೊರಡುವ ಮೊದಲೇ ಮ್ಯಾಗ್‌ಪೈ ಹಕ್ಕಿಗಳು ಬಂದು ಸೇಜ್‌ಬ್ರಷ್ ಮೇಲೆ ಕೂತಿದ್ದವು.

ಮಂಗಳವಾರ

ಇವತ್ತು ಭಾವನ ಸರದಿ. ಬೆಳಗ್ಗೆಯೇ ಭಾರೀ ಗಂಡು ಕಂಡಿತು, ನನ್ನದಕ್ಕಿಂತ ದೊಡ್ಡದು. ಎರಡು ಗಂಟೆ ಹಿಂಬಾಲಿಸಿದೆವು. ಇನ್ನೇನು 250 ಗಜಕ್ಕೆ ಬಂತು ಅನ್ನುವಾಗ ಒಂದು ಹೆಣ್ಣು ಬೇಲಿ ಹಾರಿತು, ಹಿಂದೆಯೇ ಗಂಡೂ ಹಾರಿತು. ಬೇಲಿಯಾಚೆ ಪಕ್ಕದ ರ‍್ಯಾಂಚು. ಅವರ ಅನುಮತಿ ಇಲ್ಲ. ಜಿಂಕೆ ಬೇಲಿಯಿಂದ ಹತ್ತು ಗಜ ಆಚೆ ನಿಂತು ನಮ್ಮನ್ನು ನೋಡುತ್ತಿತ್ತು.

"ಹೋಯ್ತಲ್ಲ ಭಾವ."

"ಹೋಗ್ಲಿ ಬಿಡು ಮಾರಾಯ. ನಮ್ಮ ತೋಟಕ್ಕೆ ಯಾರಾದ್ರೂ ಕೋವಿ ಹಿಡ್ಕೊಂಡು ನುಗ್ಗಿದ್ರೆ ನಾವು ಸುಮ್ನಿರ್ತೀವಾ?"

ಸಂಜೆವರೆಗೂ ತಿರುಗಿದೆವು. ಎಳೆಯವು ಬೇಕಾದಷ್ಟು ಕಂಡವು. ಅವರು ರೈಫಲ್ ಎತ್ತಲಿಲ್ಲ. ಚೀಟಿ ಹಾಗೇ ಉಳಿಯಿತು.

ಬುಧವಾರ

ಮೈಲ್ಸ್ ಸಿಟಿಯ ವನ್ಯಜೀವಿ ಇಲಾಖೆ ಕಚೇರಿಯಲ್ಲಿ ಸಿಡಬ್ಲ್ಯುಡಿ ಪರೀಕ್ಷೆಗೆಂದು ಜಿಂಕೆಯ ತಲೆ ಕೊಟ್ಟೆವು. ಅಲ್ಲಿಯ ಹುಡುಗ ಗಂಟಲ ಹಿಂದಿನ ದುಗ್ಧಗ್ರಂಥಿಗಳನ್ನು ಕತ್ತರಿಸಿ ಡಬ್ಬಿಗೆ ಹಾಕಿ, ಬೇಟೆಯಾಡಿದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಕೊಂಡು, ಒಂದು ಸಂಖ್ಯೆ ಬರೆದುಕೊಟ್ಟ. ದವಡೆ ಬಿಡಿಸಿ ಹಲ್ಲು ನೋಡಿ, "ಸವೆದುಹೋಗಿವೆ, ಮುದುಕ" ಅಂದ. ಮಿನ್ನೆಸೋಟಾದೊಳಗೆ ಇಡೀ ಜಿಂಕೆ ಒಯ್ಯುವಂತಿಲ್ಲ, ಮಿದುಳು, ಬೆನ್ನುಹುರಿ ಗಡಿ ದಾಟಬಾರದು. ಮೂಳೆ ಬಿಡಿಸಿದ ಮಾಂಸ, ಬುಡ ತೊಳೆದು ಶುಚಿ ಮಾಡಿದ ಕೊಂಬು ಮಾತ್ರ ಜೊತೆಗಿಟ್ಟುಕೊಂಡು ಪೂರ್ವಕ್ಕೆ ಹೊರಟೆವು.

ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲೇ ಇತ್ತು. ಪ್ರತಿ ಪೊಟ್ಟಣದ ಮೇಲೂ ಆ ಸಂಖ್ಯೆ. ಎರಡು ವಾರದ ಮೇಲೆ ರೋಗ ಪತ್ತೆಯಾಗಿಲ್ಲವೆಂದು ಬಂತು. ಕಾಡಿನ ಮಾಂಸ ಮಾರುವಂತಿಲ್ಲ, ಕೊಡಬಹುದು. ಊರಿನ ಬೇಟೆಯಲ್ಲಿ ಜೊತೆ ಬಂದವರಿಗೆಲ್ಲ ಪಾಲಿರುತ್ತಿತ್ತು, ಹೊಡೆದಿರಲಿ ಬಿಡಲಿ. ಒಂದು ತೊಡೆ ಭಾವನ ಮನೆಗೆ ಹೋಯಿತು, ಒಂದು ಪೊಟ್ಟಣ ಪಕ್ಕದ ಮನೆಗೆ. ಅಕ್ಕ ಕರಿಮೆಣಸು, ಕೊತ್ತಂಬರಿ ಹುರಿದು ಅರೆದು ಸಾರು ಮಾಡಿದಳು, ಜೊತೆಗೆ ಕಡುಬು. ಕೊಬ್ಬೇ ಇಲ್ಲದ ಮಾಂಸ, ಕುರಿಯ ಹಾಗೆ ಕುದಿಸಿದರೆ ನಾರಾಗುತ್ತದೆ. ಎರಡನೇ ಸಲ ಬೆನ್ನಿನ ಮಾಂಸವನ್ನು ಬರೀ ಉಪ್ಪು, ಮೆಣಸು ಹಚ್ಚಿ ಬಿಸಿ ಬಾಣಲೆಯಲ್ಲಿ ಒಂದೊಂದು ಬದಿ ಎರಡೆರಡು ನಿಮಿಷ ಇಟ್ಟು ತೆಗೆದೆವು. ಅದೇ ಚೆನ್ನಾಗಿತ್ತು. ಊಟ ಮುಗಿಸಿ ಕೈ ತೊಳೆಯುತ್ತ ಭಾವ ಕೇಳಿದರು, "ಏಪ್ರಿಲ್ ಒಂದಕ್ಕೆ ಅರ್ಜಿ ಅಲ್ವಾ? ಇಬ್ರದ್ದೂ ಒಟ್ಟಿಗೆ ಹಾಕ್ಬಿಡು."